ಸಮಯವೂ ಒಂದು ಅಮಾನತ್ತು

ನೆರೆಮನೆಯವರು ತಮ್ಮ ಹಣವನ್ನು ನಿಮ್ಮಲ್ಲಿ ಇಟ್ಟು ಊರಿಗೆ ಹೋದರೆ, ಅದರಲ್ಲಿ ಒಂದು ರೂಪಾಯಿ ಮುಟ್ಟಲೂ ನೀವು ಹಿಂಜರಿಯುತ್ತೀರಿ. ಅದು ಅಮಾನತ್ತು ಎಂದು ನಿಮಗೆ ಗೊತ್ತು. ಆದರೆ ಸಮಯದ ವಿಷಯದಲ್ಲಿ ನಮ್ಮಲ್ಲಿ ಎಷ್ಟು ಮಂದಿಗೆ ಈ ಹಿಂಜರಿಕೆ ಇದೆ? ಪವಿತ್ರ ಕುರ್‌ಆನಿನ 103ನೇ ಅಧ್ಯಾಯದಲ್ಲಿರುವುದು ಮೂರೇ ಸೂಕ್ತಗಳು. ಅದು ಆರಂಭವಾಗುವುದೇ ಕಾಲದ ಆಣೆಯಿಂದ.

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಇಂಜಿನಿಯರಿಂಗ್ ಪದವಿ ಮುಗಿಸಿ ಎಂ.ಟೆಕ್., ಪಿಎಚ್.ಡಿ. ವ್ಯಾಸಂಗಕ್ಕೆ ಹೋಗುತ್ತಿದ್ದಾರೆ. ಇದು ಸಂತೋಷದ ಸಂಗತಿ. ಪದವಿ ತರಗತಿಯಲ್ಲಿ ಗಂಟೆ ಬಾರಿಸುತ್ತದೆ, ಹಾಜರಿ ಕರೆಯುತ್ತಾರೆ, ತಿಂಗಳಿಗೊಂದು ಪರೀಕ್ಷೆ ಬರುತ್ತದೆ. ಆದರೆ ಎರಡು ವರ್ಷದ ಎಂ.ಟೆಕ್.ನಲ್ಲಿ ಸಾಮಾನ್ಯವಾಗಿ ಎರಡನೇ ವರ್ಷದ ಬಹುಪಾಲು ಪ್ರಾಜೆಕ್ಟಿಗೇ ಮೀಸಲು. ಮಾರ್ಗದರ್ಶಕರು ವಾರಕ್ಕೊಮ್ಮೆ ವಿಚಾರಿಸಿದರೆ ಹೆಚ್ಚು. ಉಳಿದ ಗಂಟೆಗಳ ಲೆಕ್ಕ ಕೇಳುವವರಿಲ್ಲ. ಮನುಷ್ಯನ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ ನಡೆಯುವುದು ಕೇಳುವವರಿಲ್ಲದ ಕಡೆಯಲ್ಲಿಯೇ ಅಲ್ಲವೇ?

ಮೊಬೈಲ್ ನೋಡುತ್ತಾ ಕಾಲ ಕಳೆದವನಿಗೆ ತಾನು ಸಮಯ ವ್ಯರ್ಥ ಮಾಡಿದೆನೆಂಬ ಅರಿವಾದರೂ ಇರುತ್ತದೆ. ಅದಕ್ಕಿಂತ ಅಪಾಯಕಾರಿಯಾದುದು ಕೆಲಸದ ವೇಷ ತೊಟ್ಟು ಬರುವ ಸೋಮಾರಿತನ. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡುತ್ತಿರುತ್ತದೆ, ವಿದ್ಯಾರ್ಥಿ ಪರದೆ ನೋಡುತ್ತಾ ಕುಳಿತಿರುತ್ತಾನೆ. ನಲ್ವತ್ತು ಸಂಶೋಧನಾ ಲೇಖನಗಳನ್ನು ಸಂಗ್ರಹಿಸುತ್ತಾನೆ, ಒಂದನ್ನೂ ಪೂರ್ತಿ ಓದುವುದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಲ್ಯಾಬಿನಲ್ಲಿದ್ದೆ ಎಂಬ ಸಮಾಧಾನದಿಂದ ಮಲಗುತ್ತಾನೆ. ಅವನು ಎಣಿಸಿದ್ದು ಕುಳಿತ ಗಂಟೆಗಳನ್ನು, ಆದ ಕೆಲಸವನ್ನಲ್ಲ. ಇಲ್ಲಿ ಮೋಸ ಹೋದವರು ಬೇರೆ ಯಾರೂ ಅಲ್ಲ, ಅವನೇ.

ಇನ್ನೊಂದು ದೌರ್ಬಲ್ಯ ಮಾತು ಕೊಡುವುದರಲ್ಲಿದೆ. ಐ.ಬಿ.ಎಂ.ನಲ್ಲಿ ಬೃಹತ್ ಸಾಫ್ಟ್‌ವೇರ್ ಯೋಜನೆಯೊಂದನ್ನು ನಡೆಸಿದ್ದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ಅನುಭವದ ಲೆಕ್ಕವೊಂದನ್ನು ಕೊಟ್ಟಿದ್ದಾರೆ. ಒಟ್ಟು ಸಮಯದ ಮೂರನೇ ಒಂದು ಭಾಗ ಯೋಜನೆಗೆ, ಆರನೇ ಒಂದು ಭಾಗ ಮಾತ್ರ ಪ್ರೋಗ್ರಾಂ ಬರೆಯುವುದಕ್ಕೆ, ಉಳಿದ ಅರ್ಧ ಪೂರ್ತಿ ಪರೀಕ್ಷಿಸಿ ತಪ್ಪು ತಿದ್ದುವುದಕ್ಕೆ. ನಮ್ಮ ವಿದ್ಯಾರ್ಥಿ ಆ ಆರನೇ ಒಂದು ಭಾಗವನ್ನೇ ಇಡೀ ಕೆಲಸವೆಂದು ತಿಳಿದು 'ಮುಂದಿನ ವಾರ ಮುಗಿಸುತ್ತೇನೆ' ಎಂದು ಗುರುಗಳಿಗೆ ಹೇಳಿಬಿಡುತ್ತಾನೆ. ದಿನಾಂಕ ಹೇಳುವುದೂ ಒಂದು ವಾಗ್ದಾನವೇ. ಲೆಕ್ಕ ಹಾಕದೆ ಕೊಟ್ಟ ಮಾತು ಮುರಿಯುವುದು ಬಹುತೇಕ ಖಂಡಿತ.

ಹಾಗಾದರೆ ಹಗಲು ರಾತ್ರಿ ದುಡಿಯುವುದೇ ಪರಿಹಾರವೇ? ಅದೂ ಅಲ್ಲ. ಪ್ರವಾದಿಯವರು(ಸ) ಸಹೋದರರನ್ನಾಗಿ ಮಾಡಿದ್ದ ಸಲ್ಮಾನ್(ರ) ಮತ್ತು ಅಬುದ್ದರ್ದಾ(ರ) ಅವರ ಘಟನೆ ನಿಮಗೆ ತಿಳಿದಿರಬಹುದು. ಅಬುದ್ದರ್ದಾ ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಮನೆಯನ್ನೇ ಮರೆತಿದ್ದರು. ಸಲ್ಮಾನ್ ಅವರನ್ನು ಒತ್ತಾಯಿಸಿ ಉಣ್ಣಿಸಿದರು, ಮಲಗಿಸಿದರು, ರಾತ್ರಿಯ ಕೊನೆಯ ಜಾವದಲ್ಲಿ ಎಬ್ಬಿಸಿ ಒಟ್ಟಿಗೆ ನಮಾಝ್ ಮಾಡಿದರು. ಪ್ರಭುವಿಗೂ, ಶರೀರಕ್ಕೂ, ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನು ಸಲ್ಲಿಸಿರಿ ಎಂಬುದು ಅವರ ಉಪದೇಶದ ಸಾರ. ಪ್ರವಾದಿಯವರು(ಸ) ಅದನ್ನು ಸರಿಯೆಂದರು. ಆರಾಧನೆಗೇ ಈ ಮಿತಿ ಇರುವಾಗ ಪ್ರಾಜೆಕ್ಟಿಗೆ ಇರಬೇಡವೇ?

ವಿದ್ಯಾರ್ಥಿಯ ಸಮಯದ ಹಕ್ಕುದಾರರನ್ನು ಎಣಿಸಿ ನೋಡಿರಿ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಸರಕಾರದ ವಿದ್ಯಾರ್ಥಿವೇತನದಲ್ಲಿ ಕಲಿಯುವವನ ಮೇಲೆ ಸಾಮಾನ್ಯ ಜನರ ತೆರಿಗೆಯ ಋಣವಿದೆ. ಊರಿನಲ್ಲಿ ಕಾಯುವ ತಾಯಿಗೆ ಹಕ್ಕಿದೆ. ನಿದ್ದೆ ಬೇಡುವ ಕಣ್ಣುಗಳಿಗೆ ಹಕ್ಕಿದೆ. ಸಮಯವನ್ನು ಪೋಲು ಮಾಡುವವನು ಈ ಹಕ್ಕುಗಳನ್ನು ಕಸಿಯುತ್ತಾನೆ. ಎಲ್ಲವನ್ನೂ ಒಂದೇ ಕೆಲಸಕ್ಕೆ ಸುರಿಯುವವನೂ ಕಸಿಯುತ್ತಾನೆ.

ಐದು ಹೊತ್ತಿನ ನಮಾಝ್ ದಿನವನ್ನು ಭಾಗ ಮಾಡಿಕೊಟ್ಟಿದೆ. ಅದನ್ನು ಕೆಲಸಕ್ಕೆ ಅಡ್ಡಿಯೆಂದು ತಿಳಿಯಬೇಡಿರಿ. ಎರಡು ನಮಾಝ್‌ಗಳ ನಡುವಿನ ಅವಧಿಗೆ ಒಂದೇ ಕೆಲಸವನ್ನು ನಿಗದಿ ಮಾಡಿರಿ. ಫಜ್ರ್ ನಂತರದ ಎರಡು ಗಂಟೆಯನ್ನು ಅತ್ಯಂತ ಕಠಿಣವಾದ ವಿಷಯಕ್ಕೆ ಕೊಡಿರಿ, ಆಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ನುತ್, ದೀರ್ಘ ಅಧ್ಯಯನಕ್ಕೆ ಅಡ್ಡಿಯಾಗುತ್ತದೆಂದು 1990ರ ಜನವರಿ 1ರಂದು ಇ-ಮೇಲ್ ಬಳಕೆಯನ್ನೇ ಬಿಟ್ಟರು. ನಿಮಗೆ ಅಷ್ಟು ಸಾಧ್ಯವಾಗದಿರಬಹುದು, ಎರಡು ಗಂಟೆ ಸಾಧ್ಯ. ಪ್ರೋಗ್ರಾಂ ಓಡುವಾಗ ಪ್ರಬಂಧದ ಒಂದು ಪುಟ ಬರೆಯಿರಿ. ಇಶಾ ನಂತರ ಇಂದು ಏನು ಮುಗಿಯಿತೆಂದು ಎರಡು ಸಾಲು ಗುರುತು ಹಾಕಿರಿ. ಅದು ಯಾರಿಗೂ ತೋರಿಸಲಿಕ್ಕಲ್ಲ.

ತಂದೆತಾಯಂದಿರಲ್ಲೂ ಒಂದು ಮಾತು. ಮಗ ಪುಸ್ತಕ ಮುಚ್ಚಿ ಗೋಡೆ ನೋಡುತ್ತಾ ಕುಳಿತರೆ ಅದು ಸೋಮಾರಿತನವೆಂದೇ ಭಾವಿಸಬೇಡಿರಿ, ಯೋಚಿಸುವುದೂ ಅವನ ಕೆಲಸ. ಮಗಳು ಓದಲು ಕುಳಿತಾಗ ಅಡುಗೆಮನೆಗೆ ಹತ್ತು ಬಾರಿ ಕರೆಯುವವರು ಅವಳ ಒಂದು ಗಂಟೆಯನ್ನು ಹತ್ತು ತುಂಡು ಮಾಡುತ್ತಾರೆ. ಮನೆಗೆಲಸದಲ್ಲಿ ಅವಳ ಪಾಲಿರಲಿ, ಅಣ್ಣತಮ್ಮಂದಿರ ಪಾಲೂ ಇರಲಿ. 'ಯಾವಾಗ ಮುಗಿಯುತ್ತದೆ, ಯಾವಾಗ ಸಂಬಳ' ಎಂದು ಪ್ರತಿ ಫೋನಿನಲ್ಲೂ ಕೇಳುವ ಬದಲು 'ಇಂದು ಏನು ಕಲಿತೆ' ಎಂದು ಕೇಳಿ ನೋಡಿರಿ.

ಕಳೆದ ಹಣವನ್ನು ಮರಳಿ ಗಳಿಸಬಹುದು. ಕಳೆದ ಗಂಟೆಯನ್ನು ಯಾವ ವಿದ್ಯೆಯೂ ಮರಳಿ ತರಲಾರದು. ಅಮಾನತ್ತನ್ನು ಇಟ್ಟವನು ಒಂದು ದಿನ ಲೆಕ್ಕ ಕೇಳುವನೆಂದು ನಂಬಿದವರಿಗೆ, ಕೇಳುವವರಿಲ್ಲದ ಗಂಟೆ ಎಂಬುದೇ ಇಲ್ಲ.