ಪರದೇಶದಲ್ಲಿ ನನ್ನ ಸಹೋದರನು ಯಾರು?

ವಿದ್ಯೆಗೋಸ್ಕರ ತಂದೆತಾಯಿಗಳನ್ನೂ ಸ್ವಂತ ಸಭೆಯನ್ನೂ ಬಿಟ್ಟು ಸಮುದ್ರದಾಚೆಗೆ ಹೋಗುವದು ನಮ್ಮವರಿಗೆ ಹೊಸದಲ್ಲ. ಮಂಗಳೂರಿನ ಹೆರ್ಮನ್ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, 1846ರಲ್ಲಿ ಬಾಸೆಲ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ಮಿಶನ್ ಶಾಲೆಯಲ್ಲಿ ಕಲಿತು, 1851ರಲ್ಲಿ ಬೋಧಕರಾಗಿ ನೇಮಕವಾದರು. ಇಂದಿಗೂ ಹಳ್ಳಿಯ ಮನೆಗಳಿಂದ ಮಕ್ಕಳು ದೂರದೇಶಗಳಿಗೆ ಹೋಗುತ್ತಾರೆ. ಕಳುಹಿಸುವ ತಾಯಿಯು ಅನ್ನವಸ್ತ್ರಗಳ ವಿಷಯವಾಗಿ ಚಿಂತಿಸುವದು ಸಹಜವೇ. ಆದರೆ ಅದಕ್ಕಿಂತ ಆಳವಾದ ಪ್ರಶ್ನೆಯೊಂದುಂಟು. ಅಲ್ಲಿ ಅವರ ಸಂಗಡ ಮೊಣಕಾಲೂರಿ ಪ್ರಾರ್ಥಿಸುವವರು ಯಾರು? ದಾರಿ ತಪ್ಪಿದಾಗ ಎಚ್ಚರಿಸುವವರು ಯಾರು?

‘ನಮ್ಮ ಭಾಷೆಯವರನ್ನೂ ನಮ್ಮ ಕಡೆಯವರನ್ನೂ ಹುಡುಕಿಕೋ’ ಎಂದು ಅನೇಕರು ಬುದ್ಧಿ ಹೇಳುವರು. ಇದು ಕೆಟ್ಟ ಬುದ್ಧಿಯಲ್ಲ. ಪರದೇಶದಲ್ಲಿ ಕಿವಿಗೆ ಬಿದ್ದ ಒಂದು ಕನ್ನಡದ ಮಾತು ಬೇಸಿಗೆಯ ದಾರಿಯಲ್ಲಿ ಸಿಕ್ಕಿದ ನೀರಿನಂತಿರುವದು. ಆದರೂ ಊರಿನವನು ಸಿಕ್ಕಿದ ಮಾತ್ರಕ್ಕೆ ಕ್ರಿಸ್ತನಲ್ಲಿ ಸಹೋದರನು ಸಿಕ್ಕಿದಂತಾಯಿತೋ? ತಮ್ಮವರನ್ನು ಮಾತ್ರ ವಂದಿಸುವದರಲ್ಲಿ ವಿಶೇಷವೇನೂ ಇಲ್ಲವೆಂದು ಕರ್ತನೇ ಕಲಿಸಿದ್ದನ್ನು ನಾವು ಬಲ್ಲೆವು.

ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯ ಜೀವಿತದಲ್ಲಿ ವಿಚಾರಿಸಿ ನೋಡೋಣ. ಜರ್ಮನಿ ದೇಶದ ಡೀಟ್ರಿಖ್ ಬೋನ್‌ಹೋಫರರು 1930ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ಅಮೇರಿಕದ ನ್ಯೂಯಾರ್ಕ್ ಪಟ್ಟಣದ ಯೂನಿಯನ್ ವೇದಶಾಸ್ತ್ರ ಶಾಲೆಗೆ ಒಂದು ವರ್ಷ ಕಲಿಯಲು ಹೋದರು. ಅವರ ಅಣ್ಣನಾದ ವಾಲ್ಟರನು 1918ರಲ್ಲಿ ಫ್ರಾನ್ಸಿನ ಯುದ್ಧರಂಗದಲ್ಲಿ ಗಾಯಪಟ್ಟು ಸತ್ತಿದ್ದನು. ಆ ಮನೆಯ ದುಃಖವನ್ನು ಅವರು 12 ವರ್ಷದ ಬಾಲಕರಾಗಿ ಕಂಡಿದ್ದರು. ಅದೇ ಶಾಲೆಗೆ ಫ್ರಾನ್ಸಿನಿಂದ ಝಾಂ ಲಸೇರ್ ಎಂಬವರೂ ಬಂದಿದ್ದರು. ಇಬ್ಬರಿಗೂ ಇಂಗ್ಲಿಷು ಪರಭಾಷೆ; ಇಬ್ಬರ ದೇಶಗಳ ನಡುವೆ ರಕ್ತದ ಹಗೆ. ಆದರೆ ಲಸೇರರು ಪರ್ವತಪ್ರಸಂಗವನ್ನು ಓದಿ ಮೆಚ್ಚತಕ್ಕ ಮಾತೆಂದಲ್ಲ, ಕೈಕೊಂಡು ನಡೆಯತಕ್ಕ ಆಜ್ಞೆಯೆಂದು ನಂಬಿದ್ದರು. ಆ ಆಜ್ಞೆಯು ಬೋನ್‌ಹೋಫರರ ಹೃದಯವನ್ನೂ ಹಿಡಿಯಿತು. 1931ರಲ್ಲಿ ಇಬ್ಬರೂ ಮೆಕ್ಸಿಕೊ ದೇಶಕ್ಕೆ ಪ್ರಯಾಣಮಾಡಿ, ಅಲ್ಲಿಯ ಜನರ ಮುಂದೆ ಒಟ್ಟಿಗೆ ನಿಂತು ಸಮಾಧಾನದ ವಿಷಯ ಮಾತಾಡಿದರು.

ಅವರ ಇನ್ನೊಬ್ಬ ಸಹಪಾಠಿಯಾದ ಫ್ರಾಂಕ್ ಫಿಷರರು ಅಮೇರಿಕದ ಕರಿಯ ಜನರಲ್ಲಿ ಹುಟ್ಟಿದವರು. ಅವರು ಬೋನ್‌ಹೋಫರರನ್ನು ಹಾರ್ಲೆಮ್ ಎಂಬಲ್ಲಿಯ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಸಭೆಗೆ ಕರೆದೊಯ್ದರು. ದೊಡ್ಡ ವಿದ್ವಾಂಸರ ಮನೆಯ ಮಗನು ಅಲ್ಲಿ ಆದಿತ್ಯವಾರದ ಶಾಲೆಯ ಹುಡುಗರಿಗೆ ಕಲಿಸಿದನು. ಒಮ್ಮೆ ಊಟದ ಮನೆಯೊಂದರಲ್ಲಿ ಫಿಷರರಿಗೆ ಇತರರಂತೆ ಬಡಿಸಲೊಪ್ಪದೆ ಇದ್ದಾಗ, ಬೋನ್‌ಹೋಫರರೂ ಸಂಗಡಿಗರೂ ಎಲ್ಲರೂ ನೋಡುವಂತೆ ಎದ್ದು ಹೊರಗೆ ಬಂದರು.

‘ಸ್ನೇಹವು ಮನಸ್ಸು ಒಪ್ಪಿ ಹುಟ್ಟತಕ್ಕದ್ದು; ಆಜ್ಞೆಯಿಂದ ಹುಟ್ಟಿದ್ದು ಬರೀ ಕರ್ತವ್ಯವಲ್ಲವೋ?’ ಎಂದು ಯಾರಾದರೂ ಕೇಳಬಹುದು. ಕಾಲವೇ ಇದಕ್ಕೆ ಉತ್ತರ ಕೊಡುವದು. ಬೋನ್‌ಹೋಫರರು 1944ರ ಜುಲೈಯಲ್ಲಿ ಸೆರೆಮನೆಯಿಂದ ಬರೆದ ಪತ್ರದಲ್ಲಿ, 13 ವರ್ಷಗಳ ಹಿಂದೆ ಈ ಫ್ರಾನ್ಸಿನ ಮಿತ್ರರೊಡನೆ ಆಡಿದ ಮಾತನ್ನು ನೆನಸಿಕೊಂಡರು. ತಾನು ಪರಿಶುದ್ಧನಾಗಬೇಕೆಂದು ಮಿತ್ರರು ಅಂದಿದ್ದರು. ತಾನು ನಂಬಲು ಕಲಿಯಬೇಕೆಂದು ಇವರು ಅಂದಿದ್ದರು. ಒಪ್ಪಿಗೆಯಾಗದ ಆ ಮಾತೇ ಅಷ್ಟು ವರ್ಷ ಅವರೊಳಗೆ ಕೆಲಸಮಾಡಿತು. ಹೋಲಿಕೆಯು ಸ್ನೇಹಕ್ಕೆ ಬಾಗಿಲಾದೀತು, ಅಸ್ತಿವಾರವಾಗಲಾರದು. ನಮ್ಮಿಬ್ಬರ ನಡುವೆ ಕ್ರಿಸ್ತನು ನಿಂತಿರುವದಾದರೆ, ನಾನು ಕೇಳಲೊಲ್ಲದ ಮಾತನ್ನು ಹೇಳುವವನೂ ನನಗೆ ಸಹೋದರನೇ.

ಇಂಥ ಸಹವಾಸವು ಮಕ್ಕಳನ್ನು ಸ್ವಜನರಿಂದ ಕಿತ್ತುಕೊಳ್ಳುವದೆಂದು ಭಯಪಡಬೇಡಿರಿ. 1939ರಲ್ಲಿ ಮಿತ್ರರು ಅಮೇರಿಕದಲ್ಲಿ ಆಶ್ರಯವನ್ನು ಸಿದ್ಧಮಾಡಿದರೂ, ಬೋನ್‌ಹೋಫರರು ಒಂದು ತಿಂಗಳೊಳಗೆ ತಮ್ಮ ಜನರ ಸಂಕಟದಲ್ಲಿ ಪಾಲುಗಾರರಾಗಲು ಹಿಂದಿರುಗಿದರು. ಹಿಟ್ಲರನ ಆಳಿಕೆಯು 1945ರ ಎಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿತು.

ಪ್ರಿಯರೇ, ಈ ಪಾಠವು ದೂರ ಹೋಗುವವರಿಗೆ ಮಾತ್ರವೋ? ಮನೆಯಲ್ಲಿ ಕಲಿಯದ್ದನ್ನು ಮಗನು ಪರದೇಶದಲ್ಲಿ ಹೇಗೆ ಕಲಿತಾನು? ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿಯನ್ನು ತಿಂದವರು ಹೊರಗೆ ಬಂದ ಕೂಡಲೆ ಹಿಂದಿನ ಜಾತಿಯನ್ನು ನೆನಸಿ, ಒಂದು ಮನೆಯ ನೀರನ್ನು ಕುಡಿದು ಇನ್ನೊಂದು ಮನೆಯ ನೀರನ್ನು ಬಿಟ್ಟರೆ, ಆ ಹಳೇ ಹುಳಿಯು ಮಗನ ಗಂಟಿನೊಳಗೆ ಕೂತು ಸಮುದ್ರ ದಾಟುವದು. ಅಲ್ಲಿ ಅವನನ್ನೇ ಯಾರಾದರೂ ಬೇರೆ ಪಂಕ್ತಿಯಲ್ಲಿ ಕೂಡ್ರಿಸಿದರೆ ನಾವು ಯಾವ ಬಾಯಿಂದ ದೂರುವೆವು? ಆದದರಿಂದ ಮಗನನ್ನೋ ಮಗಳನ್ನೋ ಕಳುಹಿಸುವ ಮುಂಚೆ, ನಾವು ಈವರೆಗೆ ಉಣ್ಣದೆ ಇದ್ದ ಸಹೋದರನ ಮನೆಗೆ ಅವರನ್ನು ಕರೆದುಕೊಂಡು ಹೋಗಿ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋಣ. ಪರದೇಶದಲ್ಲಿ ಸಹೋದರನನ್ನು ಗುರುತಿಸುವ ಕಣ್ಣು ಅಲ್ಲಿಯೇ ತೆರೆಯುವದು.