ಮೊದಲು ನದಿಯ ಪಾಲು

ಕಳೆದ ಆಷಾಢ ಮಾಸದಲ್ಲಿ ದಾಂಡೇಲಿಯ ಸದ್ಭಕ್ತರ ಅಪೇಕ್ಷೆಯಂತೆ ನಾವು ಅಲ್ಲಿ ಮೂರು ದಿನ ಪ್ರವಚನಕ್ಕಾಗಿ ತಂಗಿದ್ದೆವು. ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಡೆಯಿಂದಲೂ ಭಕ್ತರು ಮಳೆಯಲ್ಲಿ ನೆನೆದುಕೊಂಡೇ ಬಂದಿದ್ದರು. ವಿಷಯ ದಯೆ. ಎರಡನೆಯ ದಿನ ಪ್ರವಚನ ಮುಗಿದ ಮೇಲೆ ಕಾಳೀ ನದಿಯ ದಂಡೆಯ ಹಳ್ಳಿಯೊಂದರ ಮೀನುಗಾರನು ತುಸು ದೂರದಲ್ಲಿಯೇ ನಿಂತು ಕೈಮುಗಿದು ಕೇಳಿದನು:

“ಅಪ್ಪಾರ, ಮಳಿಗಾಲದಾಗ ಮೀನ ತತ್ತಿ ಇಡ್ತಾವು, ಬಲಿ ಹಾಕಬ್ಯಾಡ್ರಿ ಅಂತಾರ. ಖರೇ ಐತಿ. ಎರಡು ತಿಂಗಳು ಬಲಿ ಅಟ್ಟದ ಮ್ಯಾಲ ಇಡ್ತೀನಿ. ಆದ್ರ ರವಿವಾರ ಮೋಜಿಗೆ ಗಾಳ ಹಾಕಾಕ ಬರ್ತಾರಲ್ರಿ, ಅವ್ರಿಗೆ ಯಾರು ಹೇಳ್ತಾರ? ಇದು ದಯಾನೋ, ಬಡವಗ ದಂಡಾನೋ?”

ಅಷ್ಟರಲ್ಲಿ ಹಿರಿಯ ಭಕ್ತರೊಬ್ಬರು, “ಮೀನ ಹಿಡಿಯೂದ ಪಾಪ. ಪಾಪಕ್ಕ ಎರಡು ತಿಂಗಳ ಸೂಟಿ ಎಂಥಾದ್ದು?” ಎಂದುಬಿಟ್ಟರು. ಕೆಲವರು ನಕ್ಕರು. ನಾವು ಸಮಾಧಾನದ ನಾಲ್ಕು ಮಾತುಗಳನ್ನಾಡಿ ಎದ್ದೆವು. ಕೇಳಿದವನಿಗೆ ಉತ್ತರ ಕೊಡಲಿಲ್ಲವೆಂಬ ಅಳುಕು ಮಾತ್ರ ರಾತ್ರಿಯ ಪೂಜೆಯಲ್ಲಿಯೂ ನಮ್ಮನ್ನು ಬಿಡಲಿಲ್ಲ. ಆ ಸಾಲವನ್ನು ಇಲ್ಲಿ ತೀರಿಸಬೇಕಾಗಿದೆ.

ಹಿರಿಯರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಲಿಂಗಧಾರಿಗೆ ಮಾಂಸಾಹಾರವು ವರ್ಜ್ಯ. ಅದನ್ನು ಸಮರ್ಥಿಸುವ ಉದ್ದೇಶ ನಮ್ಮದಲ್ಲ. ಆದರೆ ಮೀನಿನ ರುಚಿಯನ್ನೇ ಅರಿಯದ ನಾವು ಮೀನನ್ನು ಬಿಟ್ಟಿದ್ದೇವೆಂದು ಹೇಳಿಕೊಳ್ಳುವುದರಲ್ಲಿ ಯಾವ ತ್ಯಾಗವಿದೆ? ಇಲ್ಲದ ಹಸಿವನ್ನು ಗೆದ್ದವನನ್ನು ಜಿತೇಂದ್ರಿಯನೆಂದು ಯಾರೂ ಕರೆಯಲಾರರು. ಹಸಿವೂ ಇದೆ, ಬಲೆಯೂ ಇದೆ, ಹೊಳೆಯಲ್ಲಿ ಮೀನೂ ಇದೆ. ಆದರೂ ಈ ಎರಡು ತಿಂಗಳು ಬೇಡವೆಂದು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವವನದು ನಿಜವಾದ ನಿಗ್ರಹ. ಅವನ ವ್ರತವು ತಾತ್ಕಾಲಿಕವೆಂಬ ಕಾರಣಕ್ಕೆ ಹಗುರವಾಗುವುದಿಲ್ಲ. ಶ್ರಾವಣ ಮಾಸದಲ್ಲಿ ಮಾತ್ರ ಮಾಂಸವನ್ನು ತ್ಯಜಿಸುವ ಎಷ್ಟೋ ಕುಟುಂಬಗಳು ನಮ್ಮ ನಾಡಿನಲ್ಲಿವೆ. ಅವರ ಶ್ರಾವಣವನ್ನು ನಾವು ಎಂದೂ ಅಪಹಾಸ್ಯ ಮಾಡಿಲ್ಲ.

ಇನ್ನೊಂದು ಮಾತು. ಮೀನನ್ನು ತಿನ್ನದವರು ನದಿಯನ್ನು ತಿನ್ನುವುದಿಲ್ಲವೇ? ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಕಡಲನ್ನು ಸೇರುವ ಕಾಳಿಗೆ ಸೂಪಾದಲ್ಲಿ 101 ಮೀಟರು ಎತ್ತರದ ಗೋಡೆಯಿದೆ. ಅದರ ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಹಳಿಯಾಳದ ಕಡೆಯ ಉಪನದಿಗೆ ತಟ್ಟಿಹಳ್ಳದ ಅಣೆಕಟ್ಟು. ಹೊಳೆಯ ನೀರು ಏರುವುದೂ ಇಳಿಯುವುದೂ ಈಗ ಮಳೆಯ ಲೆಕ್ಕದಿಂದಷ್ಟೇ ಅಲ್ಲ, ವಿದ್ಯುತ್ತಿನ ಲೆಕ್ಕದಿಂದಲೂ ಹೌದು. ಮುಂಗಾರಿನ ಹೊಸ ನೀರಿನ ಸುಳಿವು ಹಿಡಿದು ಮೇಲಕ್ಕೆ ಹತ್ತುವ ಮೀನಿಗೆ ಆ ಗೋಡೆಯನ್ನು ಏರುವುದು ಸಾಧ್ಯವೇ? ನಮ್ಮ ಪೂಜಾಗೃಹದ ದೀಪ ಉರಿಯುವುದೂ ಇಂತಹ ಯಾವುದೋ ನದಿಯಿಂದ. ಈ ಮಾಸಪತ್ರಿಕೆಯ ಕಾಗದವೂ ಯಾವುದೋ ಕಾಡಿನ ಬಿದಿರೋ ಮರವೋ ಆಗಿತ್ತು. ಆದ್ದರಿಂದ ಮೀನುಗಾರನೊಬ್ಬನನ್ನೇ ಪಾಪಿಯೆಂದು ಕರೆದು ನಾವು ದಡದಲ್ಲಿ ಶುಚಿಯಾಗಿ ನಿಲ್ಲುವುದು ನ್ಯಾಯವಲ್ಲ.

ನಿಯಮವೆಂಬುದು ಹೇಗೆ ಹುಟ್ಟಬೇಕೆಂಬುದಕ್ಕೆ ಹೊರನಾಡಿನ ಒಂದು ದೃಷ್ಟಾಂತವನ್ನು ನೋಡೋಣ. ಅಮೆರಿಕೆಯ ವಾಯವ್ಯ ಭಾಗದ ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಎಂಬ ಮೀನುಗಳಿವೆ. ಹಳ್ಳಗಳ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ತತ್ತಿಯಿಡಲು ಮತ್ತೆ ಹುಟ್ಟಿದ ಹಳ್ಳವನ್ನೇ ಹುಡುಕಿಕೊಂಡು ಬರುವುದು ಅವುಗಳ ಸ್ವಭಾವ. ಅಲ್ಲಿನ ಸಾಲ್ಮನ್ ಮೀನು ತತ್ತಿಯಿಟ್ಟ ಮೇಲೆ ಸಾಯುತ್ತದೆ. ಅದರ ಜನ್ಮಕ್ಕೆ ಅದೊಂದೇ ಯಾತ್ರೆ. 1938ರಲ್ಲಿ ಮುಗಿದ ಬಾನವಿಲ್ ಅಣೆಕಟ್ಟಿನಲ್ಲಿ ಮೀನು ಏರಿ ಹೋಗಲು ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಪಕ್ಕದಲ್ಲಿ ಗಾಜಿನ ಕಿಟಕಿಯಿಟ್ಟು ಹಾದುಹೋಗುವ ಮೀನುಗಳನ್ನು ಎಣಿಸುತ್ತಾರೆ. ಎಣಿಕೆ ತಗ್ಗಿದರೆ ಹವ್ಯಾಸಕ್ಕೆ ಗಾಳ ಹಾಕುವವರ ನಿಯಮವನ್ನು ನಡುಋತುವಿನಲ್ಲಿಯೇ ತಿದ್ದುತ್ತಾರೆ: ದಿನಕ್ಕೆ ಎರಡು ಇದ್ದದ್ದು ಒಂದಾಗುತ್ತದೆ, ಒಮ್ಮೊಮ್ಮೆ ನದಿಯ ಆ ಭಾಗವೇ ಮುಚ್ಚುತ್ತದೆ. ಮರಿಕೇಂದ್ರದಲ್ಲಿ ಸಾಕಿ ಬಿಟ್ಟ ಮೀನಿಗೆ ಬೆನ್ನಿನ ಸಣ್ಣ ರೆಕ್ಕೆಯೊಂದನ್ನು ಕತ್ತರಿಸಿ ಗುರುತು ಮಾಡಿರುತ್ತಾರೆ. ಅನೇಕ ಕಡೆ ಆ ಗುರುತಿರುವುದನ್ನು ಮಾತ್ರ ಒಯ್ಯಬಹುದು, ನದಿಯಲ್ಲಿಯೇ ಹುಟ್ಟಿದ್ದನ್ನು ನದಿಗೇ ಬಿಡಬೇಕು.

ಇದರ ಹಿಂದಿನ ತತ್ತ್ವವು ನಮಗೆ ಅಪರಿಚಿತವಲ್ಲ. ಮುಂದಿನ ಸಂತತಿಗೆ ಇಷ್ಟು ಮೀನು ಮೇಲೆ ಹೋಗಲೇಬೇಕು ಎಂಬುದು ಮೊದಲ ಲೆಕ್ಕ. ಅನಂತರ ಉಳಿದದ್ದು ಮನುಷ್ಯನದು. ನಮ್ಮ ಪರಿಭಾಷೆಯಲ್ಲಿ ಭೋಗಕ್ಕೂ ಪ್ರಸಾದಕ್ಕೂ ಇರುವ ಅಂತರವೇ ಇದಲ್ಲವೇ? ಮೊದಲು ತಾನು ಉಂಡು ಮಿಕ್ಕದ್ದನ್ನು ಕೊಡುವುದು ಭೋಗಿಯ ರೀತಿ. ಮೊದಲು ಅರ್ಪಿಸಿ ಶೇಷವನ್ನು ಸ್ವೀಕರಿಸುವುದು ಪ್ರಸಾದಿಯ ರೀತಿ. ಲಿಂಗಕ್ಕೆ ಅರ್ಪಿಸುವ ಪದಾರ್ಥಕ್ಕೂ ಹೊಳೆಯ ಮೀನಿಗೂ ಸಾಮ್ಯವನ್ನು ಹೇಳುತ್ತಿಲ್ಲ, ಕ್ರಮವನ್ನು ಹೇಳುತ್ತಿದ್ದೇವೆ. ಮೊದಲು ನದಿಯ ಪಾಲು, ಆಮೇಲೆ ನಮ್ಮ ಪಾಲು. ಶೇಷವೇ ಇಲ್ಲದ ವರ್ಷ ಕೈ ಮುಂದಾಗಬಾರದು.

ಇಂತಹ ನಿಗ್ರಹ ನಮ್ಮ ನಾಡಿನಲ್ಲಿಯೂ ಇದೆ. ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಬಳಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ; ಬಂದ ಭಕ್ತರು ಅವಕ್ಕೆ ಮಂಡಕ್ಕಿ ಹಾಕುತ್ತಾರೆ. ಅದು ಸ್ಥಳಕ್ಕೆ ಕಟ್ಟಿದ ಬೇಲಿ. ಕಾಲಕ್ಕೆ ಕಟ್ಟಿದ ಬೇಲಿಯೂ ಉಂಟು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯು ಸಿಡಿಮದ್ದು ಮತ್ತು ವಿಷಗಳಿಂದ ಮೀನು ಕೊಲ್ಲುವುದನ್ನು ನಿಷೇಧಿಸಿದ್ದಲ್ಲದೆ, ಗೊತ್ತಾದ ನೀರಿನಲ್ಲಿ ಎರಡು ವರ್ಷ ಮೀರದಂತೆ ಮೀನುಗಾರಿಕೆಯನ್ನೇ ನಿಲ್ಲಿಸುವ ಅವಕಾಶವನ್ನು ಇಟ್ಟಿತ್ತು. ಕಾಳಿಯು ಸಮುದ್ರವನ್ನು ಸೇರುವ ಕಾರವಾರದಲ್ಲಿ ಯಾಂತ್ರಿಕ ದೋಣಿಗಳು ಜೂನ್ ಮತ್ತು ಜುಲೈ ತಿಂಗಳುಗಳ 61 ದಿನ ದಡದಲ್ಲಿರುತ್ತವೆ.

ಇನ್ನು ಮೋಜಿನ ಗಾಳದ ವಿಚಾರ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಬಹುಕಾಲ ಮಹಶೀರ್ ಮೀನಿಗೆ ಗಾಳ ಹಾಕುವ ಶಿಬಿರಗಳಿದ್ದವು. ಹಿಡಿದು, ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು ಅಲ್ಲಿಯ ಪದ್ಧತಿ. ವನ್ಯಧಾಮದೊಳಗೆ ಅದೂ ಬೇಟೆಯೇ ಎಂಬ ನಿಲುವು ಬಂದು ಆ ಗಾಳಗಾರಿಕೆ ನಿಂತಿತು. ಹವ್ಯಾಸಿಗಳ ವಾದ ಹೀಗೆ: ನಾವು ದಂಡೆಯಲ್ಲಿದ್ದೆವು, ಆದ್ದರಿಂದ ಸಿಡಿಮದ್ದಿನವರು ಹತ್ತಿರ ಬರುತ್ತಿರಲಿಲ್ಲ, ನಮ್ಮನ್ನು ಎಬ್ಬಿಸಿದ ಮೇಲೆ ನದಿಗೆ ಕಾವಲುಗಾರರೇ ಇಲ್ಲ. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ತೀರ ಅಂಚಿಗೆ ಬಂದಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅಷ್ಟಾದರೂ ಒಂದು ಜೀವದ ಒದ್ದಾಟವೇ ನಮ್ಮ ವಿನೋದವಾಗಬಹುದೇ? ಕೊನೆಗೆ ಬಿಟ್ಟೆವೆಂಬುದರಿಂದ ಆ ಗಳಿಗೆಯ ನೋವು ಇಲ್ಲವಾಗುವುದಿಲ್ಲ. ಹಿಡಿದು ಬಿಡುವುದು ಕೊಲ್ಲುವುದಕ್ಕಿಂತ ಮೇಲು, ಹಿಡಿಯದಿರುವುದಕ್ಕಿಂತ ಕೀಳು. ದಂಡೆಯನ್ನು ಕಾಯುವ ಪ್ರೀತಿಯಿದ್ದರೆ ಗಾಳವಿಲ್ಲದೆಯೂ ಕಾಯಬಹುದು.

ಹಾಗಾದರೆ ಮೀನುಗಾರನ ಪ್ರಶ್ನೆಗೆ ಉತ್ತರವೇನು? ಕಲ್ಯಾಣದಲ್ಲಿ ಶರಣರು ಕಾಯಕಕ್ಕೆ ಗೌರವವನ್ನು ಕೊಟ್ಟರು. ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ ಅವರಲ್ಲೊಬ್ಬರು. ಹೊಟ್ಟೆಯ ದುಡಿಮೆಗೂ ವಿರಾಮದ ವಿನೋದಕ್ಕೂ ಒಂದೇ ತಕ್ಕಡಿ ಸಲ್ಲದು. ನದಿ ಬಡವಾದಾಗ ಕಟ್ಟು ಮೊದಲು ಬೀಳಬೇಕಾದದ್ದು ವಿನೋದದ ಮೇಲೆ, ಅನಂತರ ದೊಡ್ಡ ಬಲೆಯ ಮೇಲೆ, ಕಟ್ಟಕಡೆಗೆ ಹೆಗಲ ಬಲೆಯ ಮೇಲೆ. ಹೆಗಲ ಬಲೆಯನ್ನೂ ಇಳಿಸಬೇಕಾಗಿ ಬಂದರೆ, ಇಳಿಸಿದವನ ಒಲೆಯನ್ನು ಉರಿಸುವ ಹೊಣೆ ಸಮಾಜದ್ದು. 2020ರ ಮತ್ಸ್ಯ ಸಂಪದಾ ಯೋಜನೆಯಲ್ಲಿ ಮೀನುಗಾರನು ತನ್ನ 1,500 ರೂಪಾಯಿ ಕೂಡಿಸಿದರೆ ಸರಕಾರಗಳು 3,000 ರೂಪಾಯಿ ಸೇರಿಸಿ ನಿಷೇಧದ ತಿಂಗಳುಗಳಲ್ಲಿ ಕೊಡುವ ಏರ್ಪಾಡು ಬಂದಿತು. ಒಟ್ಟು 4,500. ಒಂದು ಮನೆಯ ಎರಡು ತಿಂಗಳ ಅಕ್ಕಿ, ಎಣ್ಣೆ, ಮಕ್ಕಳ ಪುಸ್ತಕ ಎಲ್ಲಕ್ಕೂ ಅದು ಸಾಲುವುದೇ ಎಂದು ಗೃಹಿಣಿಯರು ನಮಗಿಂತ ಚೆನ್ನಾಗಿ ಬಲ್ಲರು. ಹಾಗೆ ಕೊಡದೆ ಬರಿಯ ಕಟ್ಟನ್ನು ಹಾಕಿದರೆ ಅವನು ಕೇಳಿದ್ದೇ ನಿಜ: ಅದು ದಂಡವೇ ಹೊರತು ದಯೆಯಲ್ಲ.

ಮೂರನೆಯ ದಿನ ಇಷ್ಟನ್ನು ಸಭೆಯಲ್ಲಿ ಹೇಳಿದೆವು. ಹೊಳೆಯ ದಂಡೆಯಲ್ಲಿ ಪ್ರವಾಸಿಗಳ ತಂಗುಮನೆ ನಡೆಸುವ ಭಕ್ತರೊಬ್ಬರು ಆಗ ಏನೂ ಮಾತಾಡಲಿಲ್ಲ. ಬೀಳ್ಕೊಡುವ ಹೊತ್ತಿಗೆ ಬಂದು, ಶ್ರಾವಣ ಮುಗಿಯುವವರೆಗೆ ತಮ್ಮಲ್ಲಿಯ ಗಾಳಗಳನ್ನು ಅತಿಥಿಗಳಿಗೆ ಕೊಡುವುದಿಲ್ಲವೆಂದರು. ಮುಂದಿನ ವರ್ಷ? ಎಂದು ಕೇಳಿದೆವು. “ನೋಡೋಣ್ರಿ ಅಪ್ಪಾರ” ಎಂದು ನಕ್ಕರು. ಪಾಪವೆಂದಿದ್ದ ಹಿರಿಯರು ಒಂದು ಚೀಲ ಅಕ್ಕಿಯನ್ನು ಗಾಡಿಗೆ ಹಾಕಿಸಿಕೊಂಡು ಆ ಹಳ್ಳಿಯ ದಾರಿ ಹಿಡಿದದ್ದನ್ನು ಆಮೇಲೆ ಬೇರೆಯವರಿಂದ ಕೇಳಿದೆವು. ಅವರು ನಮಗೆ ಹೇಳಿರಲಿಲ್ಲ.