ಕಾಲಡಿಯ ಹೆಸರು

ಹುಲಗೂರಿನಲ್ಲಿದ್ದಾಗ ಬೆಳಿಗ್ಗೆ ಎದ್ದು ಹಜರೇಶಾ ಖಾದ್ರಿಯವರ ದರ್ಗಾದವರೆಗೆ ನಡೆದು ಹೋಗುತ್ತೇನೆ. ಅವರ ಕೃಪೆಯಿಂದಲೇ ಶಿಶುವಿನಹಾಳದ ಇಮಾಮ ಸಾಹೇಬರಿಗೆ 1819ರಲ್ಲಿ ಶರೀಫರು ಹುಟ್ಟಿದರೆಂದು ನಮ್ಮ ಸೀಮೆಯ ನಂಬಿಕೆ. ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ. ಇವತ್ತು ಹಾಗೆ ಬಗ್ಗಿದಾಗ ಫ್ರಾಂಕ್‌ಫರ್ಟಿನ ಒಂದು ಓಣಿ ನೆನಪಾಯಿತು.

ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೆ. ನಡುವೆ ವಿಮಾನ ಬದಲಿಸಲು ಏಳು ತಾಸು ಕಾಯಬೇಕಿತ್ತು. ಷೆಂಗೆನ್ ವೀಸಾ ಇಲ್ಲದೆ ನಮ್ಮವರನ್ನು ನಿಲ್ದಾಣದಿಂದ ಹೊರಗೆ ಬಿಡುವುದಿಲ್ಲ. ಮಗಳು ಹಟ ಹಿಡಿದು ಅದನ್ನು ಮೊದಲೇ ಮಾಡಿಸಿದ್ದಳು. ರೈಲಿನಲ್ಲಿ ಕಾಲು ತಾಸು, ಆಮೇಲೆ ಬರೀ ಕಾಲ್ನಡಿಗೆ. ಮೈನ್ ನದಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸೇತುವೆಯಿದೆ, ನಡೆಯುವವರಿಗಷ್ಟೇ. ಊರವರು ಹಣ ಕೂಡಿಸಿ 1869ರಲ್ಲಿ ಕಟ್ಟಿದ್ದು. 1945ರಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಜರ್ಮನ್ ಸೈನ್ಯವೇ ಅದನ್ನು ಸಿಡಿಸಿತು. ಮರುವರ್ಷವೇ ಅದು ಮತ್ತೆ ಎದ್ದಿತು. ಮನೆಮಠ ಸುಟ್ಟುಹೋದ ಊರಿಗೂ ನಡೆದು ದಾಟುವ ದಾರಿ ಅಷ್ಟು ಬೇಕಾಗಿತ್ತು.

ಸೇತುವೆ ದಾಟಿ ಓಣಿಯೊಂದಕ್ಕೆ ಹೊರಳಿದೆ. ಮನೆಯೊಂದರ ಮುಂದೆ ವಯಸ್ಸಾದ ಹೆಂಗಸು ಕುಕ್ಕರಗಾಲಲ್ಲಿ ಕೂತು ನೆಲವನ್ನು ತಿಕ್ಕುತ್ತಿದ್ದಳು. ಹಬ್ಬದ ಹಿಂದಿನ ದಿನ ಅವ್ವ ಹುಣಸೆಹಣ್ಣು ಹಚ್ಚಿ ತಂಬಿಗೆ ಬೆಳಗುತ್ತಿದ್ದ ಹಾಗೇ. ಹತ್ತಿರ ಹೋದರೆ ಅಂಗೈಯಗಲದ ಹಿತ್ತಾಳೆ ತಗಡು, ಕಲ್ಲಿಗೆ ಹೊದಿಸಿ ಕಾಲುದಾರಿಯಲ್ಲಿ ಹೂತದ್ದು. ಇಲ್ಲಿ ವಾಸವಿದ್ದರು ಎಂಬ ಮಾತು, ಹೆಸರು, ಹುಟ್ಟಿದ ವರ್ಷ, ನಾಜಿಗಳು ಸಾಗಿಸಿದ ವರ್ಷ, ಕೊಂದ ಜಾಗ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರುಮಾಡಿದ ಕೆಲಸವಿದು. 2023ರ ಹೊತ್ತಿಗೆ ಯುರೋಪಿನಲ್ಲಿ ಇಂಥ ಕಲ್ಲುಗಳು ಒಂದು ಲಕ್ಷ ದಾಟಿದವು.

ನಾನು ಥಟ್ಟನೆ ಹಿಂದೆ ಸರಿದೆ. ಹೆಸರಿನ ಮೇಲೆ ಕಾಲು! ಚಿಕ್ಕಂದಿನಲ್ಲಿ ಪಾಟಿ ತುಳಿದರೆ ಅವ್ವ ಬಿಡುತ್ತಿರಲಿಲ್ಲ: ‘ಅಕ್ಷರದ ಮ್ಯಾಲ ಕಾಲಿಡಬ್ಯಾಡೋ, ಮುಟ್ಟಿ ಕಣ್ಣಿಗೆ ಒತ್ಕೋ.’ ಇದೇ ಸಂಕಟದಿಂದ ಮ್ಯೂನಿಕ್ ನಗರ 2004ರಲ್ಲಿ ತನ್ನ ಬೀದಿಗಳಲ್ಲಿ ಈ ಕಲ್ಲುಗಳು ಬೇಡವೆಂದಿತು. ಬಾಲ್ಯದಲ್ಲಿ ಅಡಗಿದ್ದು ಜೀವ ಉಳಿಸಿಕೊಂಡಿದ್ದ ಅಲ್ಲಿನ ಯಹೂದಿ ಸಮುದಾಯದ ನಾಯಕಿ ಷಾರ್ಲೋಟ್ ಕ್ನೋಬ್ಲೋಖ್, ಆ ಹೆಸರುಗಳನ್ನು ಮತ್ತೆ ತುಳಿಸಬಾರದೆಂದು ವಾದಿಸಿದ್ದರು. ನಮ್ಮ ಹಳೆಯ ಗುಡಿಗಳ ನೆಲದಲ್ಲೂ ಅಡ್ಡಬಿದ್ದ ಭಕ್ತರ ಆಕೃತಿಗಳಿರುತ್ತವೆ. ಆದರೆ ಅವರು ಬರುವವರ ಪಾದ ತಾಗಲೆಂದು ತಾವಾಗಿ ಬಯಸಿ ಮಲಗಿದವರು. ಈ ಓಣಿಯವರನ್ನು ಯಾರೂ ಕೇಳಲಿಲ್ಲ. ಆ ವ್ಯತ್ಯಾಸ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆದರೂ ಅದೇ ಹೆಸರು ಗೋಡೆಯ ಮೇಲಿದ್ದಿದ್ದರೆ ನಾನು ನೋಡಿಕೊಂಡು ಮುಂದೆ ಹೋಗುತ್ತಿದ್ದೆ. ನೆಲದಲ್ಲಿದ್ದುದರಿಂದ ಮೊಣಕಾಲೂರಿ ಓದಬೇಕಾಯಿತು. ಪಕ್ಕದ ಕಲ್ಲಿನದು ಒಂದು ಮಗು: ಹುಟ್ಟಿದ್ದು 1936, ಒಯ್ದದ್ದು 1941. ಗೊತ್ತಿಲ್ಲದೆಯೇ ಕೈ ಚಾಚಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಏನೂ ಕೇಳಲಿಲ್ಲ, ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ಗಯಟೆಯ ಮನೆ ನೋಡಬೇಕೆಂದಿದ್ದೆ. ಅದಕ್ಕೆ ಹೊತ್ತು ಉಳಿಯಲಿಲ್ಲ. ವಿಮಾನದಲ್ಲಿ ಕೂತ ಮೇಲೂ ಬೆರಳಿಗೆ ಹಿತ್ತಾಳೆಯ ವಾಸನೆ ಇತ್ತು.